ವಿಮಾನದ ಕಂಪನಿಯಲ್ಲಿ ಕ್ವಾಲಿಟಿಯೋ, ಬಕೆಟ್ ಕಂಪನಿಯಲ್ಲಿ ಡಿಸೈನೋ?

ಪ್ರಶ್ನೆ: ನಾನು ರಾಣೆಬೆನ್ನೂರಿನವಳು, ವಯಸ್ಸು 22. ಈ ವರ್ಷ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದೆ, ಸಿಜಿಪಿಎ 7.9. ಹೈಸ್ಕೂಲಿನಲ್ಲಿದ್ದಾಗ ಯಲಹಂಕದ ಏರೋ ಇಂಡಿಯಾ ನೋಡಿ ಬಂದಾಗಿನಿಂದ ವಿಮಾನದ ಕ್ಷೇತ್ರದಲ್ಲೇ ಇರಬೇಕೆಂಬ ಆಸೆ. ಕಾಲೇಜಿಗೆ ಬಂದ ಮೇಲೆ ನನಗೆ ಕೈ ಹತ್ತಿದ್ದು, ರಾತ್ರಿ ಕೂತು ಮಾಡಿದರೂ ಬೇಸರವಾಗದ್ದು ಡಿಸೈನ್. ಈಗ ಎರಡು ಆಫರ್ ಬಂದಿವೆ. ಒಂದು, ದೇವನಹಳ್ಳಿ ಏರೋಸ್ಪೇಸ್ ಪಾರ್ಕಿನಲ್ಲಿ ವಿದೇಶಿ ವಿಮಾನಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿ. ಕ್ವಾಲಿಟಿ ವಿಭಾಗದಲ್ಲಿ ದಾಖಲೆಗಳ ಕೆಲಸ, ವರ್ಷಕ್ಕೆ 4.2 ಲಕ್ಷ, ಎರಡು ವರ್ಷದ ಬಾಂಡ್. ಇನ್ನೊಂದು, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಣ್ಣು ಅಗೆಯುವ ಯಂತ್ರಗಳಿಗೆ ಬಕೆಟ್, ಅದನ್ನೆತ್ತುವ ತೋಳು ಅಂದರೆ ಬೂಮ್ ಮಾಡುವ ಸಣ್ಣ ಕಂಪನಿ. ಡಿಸೈನ್ ಎಂಜಿನಿಯರ್, 3.3 ಲಕ್ಷ, ಬಾಂಡ್ ಇಲ್ಲ. ದೇವನಹಳ್ಳಿಯ ಎಚ್‌ಆರ್ ಮೇಡಂ 'ಒಂದು ವರ್ಷ ಆದ ಮೇಲೆ ಡಿಸೈನ್‌ಗೆ ಬದಲಾಗಬಹುದು' ಅಂದಿದ್ದಾರೆ. ಅಪ್ಪ 'ವಿಮಾನದ ಕಂಪನಿ ಬಿಟ್ಟು ಬಕೆಟ್ ಮಾಡೋಕೆ ಹೋಗ್ತೀಯಾ' ಅಂತ ಕೇಳುತ್ತಾರೆ. ಮುಂದಿನ ವಾರದೊಳಗೆ ಉತ್ತರ ಕೊಡಬೇಕು. ಇಷ್ಟದ ಕ್ಷೇತ್ರ ಹಿಡಿಯಲೋ, ಇಷ್ಟದ ಕೆಲಸ ಹಿಡಿಯಲೋ?

ಉತ್ತರ: ಧಾರವಾಡಕ್ಕೆ ಹೋಗಿ. ಹೋಗುವ ಮುಂಚೆ ಕೆಲವು ವಿಷಯ ಖಾತ್ರಿ ಮಾಡಿಕೊಳ್ಳಬೇಕು, ಅದನ್ನು ಮುಂದೆ ಹೇಳುತ್ತೇನೆ. ಇದನ್ನು 'ಯಾವಾಗಲೂ ಕೆಲಸ ಮೊದಲು, ಕ್ಷೇತ್ರ ಆಮೇಲೆ' ಎಂಬ ಸೂತ್ರವೆಂದು ಗೆಳತಿಯರಿಗೆಲ್ಲ ಹಂಚಬೇಡಿ. ನಿಮ್ಮ ಕೈಯಲ್ಲಿರುವ ಎರಡು ಆಫರ್ ನೋಡಿ ಹೇಳುತ್ತಿರುವ ಮಾತಷ್ಟೇ. ದೇವನಹಳ್ಳಿಯ ಕಂಪನಿ ಬೇರೆ ಬಗೆಯದಾಗಿದ್ದರೆ ನಾನೇ ನಿಮಗೆ ಬೆಂಗಳೂರಿನ ಬಸ್ಸು ಹತ್ತಿ ಅನ್ನುತ್ತಿದ್ದೆ.

ಯಾವ ಬಗೆ ಅಂದರೆ, ನಾವು ಹೊರಗಿನವರು 'ಏರೋಸ್ಪೇಸ್' ಎಂದು ಒಂದೇ ಹೆಸರಲ್ಲಿ ಕರೆಯುವುದರ ಒಳಗೆ ಒಂದಕ್ಕೊಂದು ಸಂಬಂಧ ಕಡಿಮೆ ಇರುವ ಕೆಲವು ಲೋಕಗಳಿವೆ. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಎಲ್, ವಿಮಾನ ಸಂಶೋಧನೆಯ ಎನ್‌ಎಎಲ್, ತೇಜಸ್ ಯುದ್ಧವಿಮಾನದ ವಿನ್ಯಾಸ ಮಾಡಿದ ಎಡಿಎ, ಡಿಆರ್‌ಡಿಒ ಪ್ರಯೋಗಾಲಯಗಳು, ಇಸ್ರೊ, ಇವೆಲ್ಲ ಸರ್ಕಾರದ ಕಡೆಯವು. ಇಲ್ಲಿ ವಿನ್ಯಾಸ ಇಲ್ಲೇ ಹುಟ್ಟುತ್ತದೆ. ಬೋಯಿಂಗ್, ಏರ್‌ಬಸ್, ಹನಿವೆಲ್, ಕಾಲಿನ್ಸ್, ಜಿಇ ಥರದವರ ಎಂಜಿನಿಯರಿಂಗ್ ಕೇಂದ್ರಗಳು ಇನ್ನೊಂದು. ಅವುಗಳ ಸುತ್ತ ಅವರಿಗೆ ವಿನ್ಯಾಸ, ವಿಶ್ಲೇಷಣೆಯ ಕೆಲಸ ಮಾಡಿಕೊಡುವ ಎಂಜಿನಿಯರಿಂಗ್ ಸರ್ವಿಸ್ ಕಂಪನಿಗಳಿವೆ. ಮೂರನೆಯದು ಬಿಡಿಭಾಗ ತಯಾರಕರು. 2020ರಲ್ಲಿ ಬಾಹ್ಯಾಕಾಶ ಖಾಸಗಿಯವರಿಗೆ ತೆರೆದ ಮೇಲೆ ಸ್ಟಾರ್ಟಪ್‌ಗಳ ನಾಲ್ಕನೇ ಗುಂಪೂ ಹುಟ್ಟಿಕೊಂಡಿದೆ.

ನಿಮಗೆ ಬಂದಿರುವುದು ಮೂರನೆಯದು. ಅಲ್ಲಿ ನಡೆಯುವುದು 'ಬಿಲ್ಡ್ ಟು ಪ್ರಿಂಟ್' ವ್ಯವಹಾರ. ಗಿರಾಕಿ ಡ್ರಾಯಿಂಗ್ ಕಳಿಸುತ್ತಾನೆ, ಇವರು ಕೂದಲೆಳೆಯಷ್ಟೂ ಬದಲಿಸದೆ ಮಾಡಿ ಕಳಿಸುತ್ತಾರೆ. ಒಂದು ಮೂಲೆಯ ರೇಡಿಯಸ್ ಬದಲಿಸಬೇಕೆಂದರೂ ಸಾಗರದಾಚೆಯ ಎಂಜಿನಿಯರ್ ಒಪ್ಪಬೇಕು, ಏಕೆಂದರೆ ಆ ವಿನ್ಯಾಸದ ಅಧಿಕಾರ ವಿಮಾನ ತಯಾರಕನದು. ಮರ್ಯಾದೆಯ ಕೆಲಸವೇ, ಲಾಭದ ಕೆಲಸವೇ. ಆದರೆ ಇಂಥ ಕಂಪನಿಗಳಲ್ಲಿ ಬಹಳಷ್ಟು ಕಡೆ ನೀವು ಅಂದುಕೊಂಡಿರುವ ಅರ್ಥದ ಡಿಸೈನ್ ವಿಭಾಗವೇ ಇರುವುದಿಲ್ಲ.

ಎಚ್‌ಆರ್ ಮೇಡಂ ಸುಳ್ಳು ಹೇಳಿದರು ಅನ್ನುತ್ತಿಲ್ಲ. ಅವರ ಬಾಯಲ್ಲಿ 'ಡಿಸೈನ್' ಅಂದರೆ ಫಿಕ್ಸ್ಚರ್ ಡಿಸೈನ್ ಇದ್ದೀತು, ಅಂದರೆ ಬಿಡಿಭಾಗವನ್ನು ಮೆಷಿನ್ ಮೇಲೆ ಅಲ್ಲಾಡದಂತೆ ಹಿಡಿದಿಡುವ ಸಾಧನದ ವಿನ್ಯಾಸ. ಅದಿದ್ದರೆ ಒಳ್ಳೆಯದೇ. ತೆಳು ಗೋಡೆಯ ಅಲ್ಯೂಮಿನಿಯಂ ಭಾಗವನ್ನು ಸೊಟ್ಟಗಾಗದಂತೆ ಹಿಡಿಯುವುದು ಬುದ್ಧಿ ಬೇಡುವ ಕೆಲಸ. ಹಾಗಾಗಿ ಇವತ್ತೇ ಅವರಿಗೆ ಒಂದು ಮೇಲ್ ಬರೆಯಿರಿ: 'ಡಿಸೈನ್ ವಿಭಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಏನು ಡಿಸೈನ್ ಮಾಡುತ್ತಾರೆ, ಕಳೆದ ಎರಡು ವರ್ಷದಲ್ಲಿ ಕ್ವಾಲಿಟಿಯಿಂದ ಅಲ್ಲಿಗೆ ಯಾರಾದರೂ ಬದಲಾಗಿದ್ದಾರಾ?' ಉತ್ತರದಲ್ಲಿ ಸಂಖ್ಯೆ ಬಂದರೆ ಆ ಆಫರ್‌ಗೆ ಜೀವ ಇದೆ. 'ಕಂಪನಿಯಲ್ಲಿ ಬೆಳೆಯಲು ಸಾಕಷ್ಟು ಅವಕಾಶಗಳಿವೆ' ಎಂದು ಬಂದರೆ ಇಲ್ಲ ಅಂತಲೇ ಓದಿಕೊಳ್ಳಿ. ಫಿಕ್ಸ್ಚರ್ ಅಥವಾ ಪ್ರೊಸೆಸ್ ಪ್ಲಾನಿಂಗ್‌ನಲ್ಲೇ ಮೊದಲ ದಿನದಿಂದ ಹಾಕುತ್ತೇವೆ ಎಂದು ಆಫರ್ ಲೆಟರ್ ತಿದ್ದಿ ಕಳಿಸಿದರೆ ಮಾತ್ರ ನನ್ನ ಉತ್ತರ ತಿರುಗುತ್ತದೆ. ಆಗ ದೇವನಹಳ್ಳಿಗೇ ಹೋಗಿ.

ಈಗಿರುವ ಆಫರ್‌ನ ಕೆಲಸ ದಿನದ ಲೆಕ್ಕದಲ್ಲಿ ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಹೊಸ ಭಾಗವೊಂದು ಮೊದಲ ಬಾರಿ ತಯಾರಾದಾಗ ವಿಮಾನ ಉದ್ಯಮದ ಎಎಸ್ 9102 ಮಾನದಂಡದ ಪ್ರಕಾರ 'ಫಸ್ಟ್ ಆರ್ಟಿಕಲ್' ವರದಿ ಮಾಡಬೇಕು. ನಿಮ್ಮ ಮುಂದೆ ಡ್ರಾಯಿಂಗ್ ಬರುತ್ತದೆ. ಅದರಲ್ಲಿನ ಪ್ರತಿ ಅಳತೆಗೂ, ಪ್ರತಿ ಟಿಪ್ಪಣಿಗೂ ಒಂದು ಗುಂಡು ಸುತ್ತಿ ಸಂಖ್ಯೆ ಕೊಡಬೇಕು. ಇದಕ್ಕೆ ಬಲೂನಿಂಗ್ ಅನ್ನುತ್ತಾರೆ. ಒಂದು ಸಾಧಾರಣ ಬ್ರ್ಯಾಕೆಟ್‌ನಲ್ಲೇ ಬಲೂನುಗಳು ನೂರು ದಾಟಬಹುದು. ಮೂರು ಫಾರ್ಮುಗಳಿರುತ್ತವೆ: ಒಂದರಲ್ಲಿ ಭಾಗದ ವಿವರ, ಇನ್ನೊಂದರಲ್ಲಿ ಕಚ್ಚಾ ಲೋಹ ಮತ್ತು ಹೀಟ್ ಟ್ರೀಟ್‌ಮೆಂಟ್, ಲೇಪನದಂಥ ವಿಶೇಷ ಪ್ರಕ್ರಿಯೆಗಳ ಸರ್ಟಿಫಿಕೇಟು, ಮೂರನೆಯದರಲ್ಲಿ ಒಂದೊಂದು ಬಲೂನಿನ ಎದುರೂ ಡ್ರಾಯಿಂಗ್ ಏನು ಕೇಳಿದೆ, ಸಿಎಂಎಂ ಮೆಷಿನ್ ಏನು ಅಳೆದಿದೆ. ಲೋಹದ ಹೀಟ್ ನಂಬರ್, ಅಂದರೆ ಅದು ಯಾವ ಬಾರಿ ಕರಗಿಸಿದ ಲೋಹ ಎಂದು ಹೇಳುವ ಸಂಖ್ಯೆ, ಒಂದು ಅಂಕಿ ತಪ್ಪಿದರೂ ಪೂರ್ತಿ ಕಡತ ವಾಪಸ್. ಈ ಶಿಸ್ತು ಬೇಕೇ ಬೇಕು. ವಿಮಾನ ಹಾರುವುದು ಲೋಹದ ಮೇಲೆ ಎಷ್ಟೋ ಈ ಕಾಗದದ ಮೇಲೂ ಅಷ್ಟೇ.

ಇದನ್ನೇ ಜೀವನವಾಗಿ ಮಾಡಿಕೊಂಡು ಎತ್ತರಕ್ಕೆ ಹೋದವರಿದ್ದಾರೆ. ಆಡಿಟರ್ ಆಗಿ, ಸರಬರಾಜುದಾರರ ಗುಣಮಟ್ಟ ನೋಡುವ ಮುಖ್ಯಸ್ಥರಾಗಿ ದೇಶ ಸುತ್ತುತ್ತಾರೆ. ತಪ್ಪು ಹುಡುಕುವುದರಲ್ಲೇ ಖುಷಿ ಕಾಣುವ ಮನಸ್ಸುಳ್ಳವರಿಗೆ ನಿಮ್ಮ ಮೊದಲ ಆಫರ್ ಚಿನ್ನದಂಥದ್ದು. ನೀವು ಬರೆದಿರುವುದು ಬೇರೆ. ರಾತ್ರಿ ಕೂತು ಮಾಡಿದರೂ ಬೇಸರವಾಗದ್ದು ಡಿಸೈನ್ ಎಂದಿದ್ದೀರಿ. ಬಲೂನಿಂಗ್ ಮಾಡುವವರಿಗೆ ಡ್ರಾಯಿಂಗ್ ಏನು ಕೇಳುತ್ತಿದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ, ಯಾಕೆ ಕೇಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಆ 'ಯಾಕೆ' ಬೇರೆ ದೇಶದಲ್ಲಿ, ಬೇರೆ ಯಾರದೋ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಎರಡು ವರ್ಷದ ಬಾಂಡ್ ಮುಗಿಸಿ ನೀವು ಡಿಸೈನ್ ಹುದ್ದೆಗೆ ಅರ್ಜಿ ಹಾಕಿದಾಗ ಎದುರಿಗೆ ಕೂತವರು ನಿಮ್ಮನ್ನು 'ಎರಡು ವರ್ಷ ಅನುಭವದ ಕ್ವಾಲಿಟಿ ಎಂಜಿನಿಯರ್' ಎಂದೇ ನೋಡುತ್ತಾರೆ. ಡಿಸೈನ್‌ಗೆ ನೀವು ಹೊಸಬರೇ, ಆದರೆ ಸಂಬಳ ಮಾತ್ರ ಹೊಸಬರದು ಒಪ್ಪಲಾಗುವುದಿಲ್ಲ. ಹುದ್ದೆ ಬದಲಿಸುವುದು ಕ್ಷೇತ್ರ ಬದಲಿಸುವುದಕ್ಕಿಂತ ಕಷ್ಟವಾಗುವುದು ಇಲ್ಲೇ.

ಈಗ ಬಕೆಟ್ಟಿಗೆ ಬರೋಣ. ಅಪ್ಪ ಅಂದುಕೊಂಡಷ್ಟು ದಡ್ಡ ವಸ್ತುವಲ್ಲ ಅದು. ಬಕೆಟ್‌ನ ಬೆನ್ನಿಗೆ ಎರಡು ಕಿವಿಗಳಿರುತ್ತವೆ, ಪಿನ್ ಹೋಗುವ ತೂತಿರುವ ದಪ್ಪ ಪ್ಲೇಟುಗಳು. ಹೊಸ ಡಿಸೈನರ್ ಮಾಡುವ ಮೊದಲ ಕೆಲಸವೇ ಆ ಎರಡು ತೂತಿಗೆ ಪ್ಲೇಟ್ ಹಂತದಲ್ಲೇ ನಿಖರ ಅಳತೆ ಕೊಟ್ಟುಬಿಡುವುದು. ಕಂಪ್ಯೂಟರಿನಲ್ಲಿ ಎಲ್ಲ ಸರಿ ಕೂರುತ್ತದೆ. ವೆಲ್ಡಿಂಗ್ ಆದ ಮೇಲೆ ಶಾಖಕ್ಕೆ ಪ್ಲೇಟುಗಳು ಎಳೆದುಕೊಂಡು ಎರಡು ತೂತೂ ಒಂದೇ ಗೆರೆಗೆ ಬರುವುದಿಲ್ಲ, ಪಿನ್ ಒಳಗೆ ಹೋಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಫೋರ್‌ಮನ್ ನಿಮ್ಮ ಟೇಬಲ್ಲಿಗೆ ಬಂದು 'ಮೇಡಂ, ಒಂದೀಟು ಕೆಳಗ ಬರ್ರಿ' ಅನ್ನುತ್ತಾರೆ. ಆವತ್ತಿಗೆ ಕಲಿಯುತ್ತೀರಿ: ತೂತನ್ನು ಚಿಕ್ಕದಾಗಿಯೇ ಬಿಟ್ಟು, ವೆಲ್ಡಿಂಗ್ ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಒಂದೇ ಗೆರೆಯಲ್ಲಿ ಕೊರೆದು ನಿಖರ ಅಳತೆಗೆ ತರಬೇಕು, ಅಂದರೆ ಲೈನ್ ಬೋರಿಂಗ್ ಮಾಡಬೇಕೆಂದು. ಕೆಲವು ತಿಂಗಳ ಮೇಲೆ ಗಣಿಯಿಂದ ಒಂದು ಬಕೆಟ್ ವಾಪಸ್ ಬರುತ್ತದೆ, ಕಿವಿ ಬೆನ್ನಿಗೆ ಸೇರುವ ಮೂಲೆಯಲ್ಲಿ ಬಿರುಕು. ಬೆಸುಗೆಯ ಅಂಚಿನಿಂದಲೇ ಬಿರುಕು ಹೊರಟಿದೆ, ಬೆಸುಗೆ ನಿಂತ ಜಾಗದಲ್ಲೇ. ಬೆಸುಗೆಯನ್ನು ಮೂಲೆಯಲ್ಲಿ ನಿಲ್ಲಿಸದೆ ಸುತ್ತಿಸಿಕೊಂಡು ಹೋಗಬೇಕಿತ್ತು, ಅಥವಾ ಪ್ಲೇಟಿನ ತುದಿಯನ್ನು ಇಳಿಜಾರಾಗಿ ಕೊನೆಗೊಳಿಸಬೇಕಿತ್ತು. ನೀವು ಗೀಚಿದ ಗೆರೆ, ನಿಮ್ಮ ಕಣ್ಣೆದುರೇ ಒಡೆದುಕೊಂಡು ಬಂದಿದೆ.

ನಾನು ಧಾರವಾಡ ಅನ್ನುವುದಕ್ಕೆ ಮುಖ್ಯ ಕಾರಣ ಇದೇ. ಗೀಚುವುದು, ಮಾಡಿಸುವುದು, ಮುರಿಯುವುದು, ತಿದ್ದುವುದು, ಈ ಸುತ್ತು ಅಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ. ಎರಡು ವರ್ಷದಲ್ಲಿ ಹಲವು ಸುತ್ತು ನೋಡುತ್ತೀರಿ. ವಿಮಾನದಲ್ಲಿ ಆ ಸುತ್ತು ಎಷ್ಟು ಉದ್ದ ಎಂಬುದಕ್ಕೆ ನಮ್ಮ ತೇಜಸ್ಸನ್ನೇ ತೆಗೆದುಕೊಳ್ಳಿ. ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ, ಮೊದಲ ಹಾರಾಟ 2001ರ ಜನವರಿ 4ರಂದು, ವಾಯುಪಡೆಯ ಮೊದಲ ಸ್ಕ್ವಾಡ್ರನ್ 2016ರ ಜುಲೈಯಲ್ಲಿ. ತಡವಾಯಿತು ಎಂಬ ದೂರು ಆಚೆ ಇಡಿ. ಬೇಗ ಮುಗಿದ ಏರ್‌ಬಸ್ ಎ350 ಕೂಡ 2006ರ ಕೊನೆಗೆ ಅಧಿಕೃತವಾಗಿ ಶುರುವಾಗಿ ಮೊದಲ ಗಿರಾಕಿಯ ಕೈ ಸೇರಿದ್ದು 2014ರ ಕೊನೆಗೆ. ಅಂಥ ಯೋಜನೆಯೊಳಗೆ ಹೊಸ ಎಂಜಿನಿಯರ್‌ಗೆ ಸಿಗುವುದು ಒಂದು ತೆಳು ಹೋಳು. ನುರಿತವರಿಗೆ ಆ ಹೋಳಿನಲ್ಲೂ ಆಳ ಕಾಣುತ್ತದೆ, 22ರ ವಯಸ್ಸಿನವರಿಗೆ ಅಷ್ಟು ಬೇಗ ಕಾಣುವುದಿಲ್ಲ. ಮೊದಲ ಕೆಲಸದಲ್ಲಿ ಸಂಬಳದ ಆಚೆ ಗಳಿಸಬೇಕಾದ್ದು ತೀರ್ಮಾನ ಮಾಡುವ ಅಭ್ಯಾಸ. ತೀರ್ಮಾನದ ಫಲ ಬೇಗ ತಿರುಗಿ ಬರುವ ಜಾಗದಲ್ಲಿ ಅದು ಬೇಗ ಬರುತ್ತದೆ.

ಹಾಗಂತ ಧಾರವಾಡದ ಆಫರ್ ಮೇಲೂ ನನಗೆ ಕುರುಡು ನಂಬಿಕೆ ಇಲ್ಲ. 'ಡಿಸೈನ್ ಎಂಜಿನಿಯರ್' ಎಂಬ ಹೆಸರಿಟ್ಟು ಡ್ರಾಫ್ಟಿಂಗ್ ಮಾಡಿಸುವ ಕಂಪನಿಗಳು ಊರ ತುಂಬ ಇವೆ. ದೊಡ್ಡ ಕಂಪನಿಯ ಬಕೆಟ್ ತಂದು, ಟೇಪ್ ಹಿಡಿದು ಅಳೆದು, ಹಾಗೇ ಮಾಡೆಲ್ ಮಾಡು ಅನ್ನುತ್ತಾರೆ. ಅಲ್ಲಿ ಎರಡು ವರ್ಷ ಕೂತರೆ ಸಾಫ್ಟ್‌ವೇರ್‌ನಲ್ಲಿ ಕೈ ಓಡುತ್ತದೆ, ತಲೆ ಓಡುವುದಿಲ್ಲ. ಕ್ವಾಲಿಟಿ ಡೆಸ್ಕೇ ವಾಸಿ ಆಗ. ಆದ್ದರಿಂದ ಹೂಂ ಅನ್ನುವ ಮುಂಚೆ ಒಂದು ದಿನ ಧಾರವಾಡಕ್ಕೆ ಹೋಗಿ ಬನ್ನಿ, ರಾಣೆಬೆನ್ನೂರಿನಿಂದ ಬೆಳಗಿನ ಗಾಡಿ ಹಿಡಿದರೆ ಸಂಜೆಗೆ ವಾಪಸ್ ಬರಬಹುದು. ನಾನು ಖಾತ್ರಿ ಮಾಡಿಕೊಳ್ಳಿ ಎಂದದ್ದರಲ್ಲಿ ಮೊದಲನೆಯದು: ಲೆಕ್ಕ ಯಾರು ಮಾಡುತ್ತಾರೆ? ಸ್ಟ್ರೆಸ್ ಲೆಕ್ಕವೋ, ಎಫ್‌ಇಎ ಎಂಬ ಕಂಪ್ಯೂಟರ್ ವಿಶ್ಲೇಷಣೆಯೋ, ಕೈಲೆಕ್ಕವೋ, ಏನಾದರೂ ಒಂದು ಅದೇ ಕಟ್ಟಡದಲ್ಲಿ ನಡೆಯಬೇಕು. ಎರಡನೆಯದು: ನಿಮಗೆ ಹೇಳಿಕೊಡುವ ಹಿರಿಯರು ಯಾರು, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ? ಐದು ಜನರ ವಿಭಾಗದಲ್ಲಿ ಬಲ್ಲವರು ಒಬ್ಬರೇ ಇರುತ್ತಾರೆ, ಅವರು ಬಿಟ್ಟು ಹೋದರೆ ನೀವು ಶಾಲೆಯಿಲ್ಲದ ವಿದ್ಯಾರ್ಥಿ. ಅವರ ಜೊತೆ ಅರ್ಧ ಗಂಟೆ ಮಾತಾಡಲು ಬಿಡಿ ಎಂದು ಕೇಳಿ. ಹಿಂದೆ ಯಾವ ಬಕೆಟ್ ಎಲ್ಲಿ ಬಿರುಕು ಬಿಟ್ಟಿತ್ತು, ಹೇಗೆ ಸರಿ ಮಾಡಿದಿರಿ ಎಂದು ವಿಚಾರಿಸಿ. ಉತ್ಸಾಹದಿಂದ ಎದ್ದು ಹೋಗಿ ಹಳೆಯ ಡ್ರಾಯಿಂಗ್ ತೆಗೆದು ತೋರಿಸಿದರೆ ಅಲ್ಲೇ ಆಫರ್ ಒಪ್ಪಿಕೊಳ್ಳಿ.

ಇನ್ನೊಂದು ಕೇಳಬೇಕಾದ್ದು ನೀವು ಹುಡುಗಿ ಎಂಬ ಕಾರಣಕ್ಕೆ. ಕೆಲವು ಕಡೆ ಹೆಣ್ಣುಮಕ್ಕಳನ್ನು ಡಿಸೈನ್‌ಗೆ ತೆಗೆದುಕೊಂಡು ಎಸಿ ರೂಮಿನಲ್ಲೇ ಕೂರಿಸಿಬಿಡುತ್ತಾರೆ, 'ಕೆಳಗೆ ಧೂಳು, ಬೇಡ ಮೇಡಂ' ಎಂಬ ಕಾಳಜಿಯ ದನಿಯಲ್ಲಿ. ಶಾಪ್ ಫ್ಲೋರ್‌ಗೆ, ಸೈಟಿಗೆ ನಿಮ್ಮನ್ನು ಕಳಿಸುತ್ತಾರಾ ಎಂದು ನೇರವಾಗಿ ಕೇಳಿ. ವೆಲ್ಡರ್ ಪಕ್ಕ ನಿಂತು ಟಾರ್ಚ್ ಯಾವ ಮೂಲೆಗೆ ಹೋಗುವುದಿಲ್ಲ ಎಂದು ನೋಡದ ಡಿಸೈನರ್‌ಗೆ ಅರ್ಧ ವಿದ್ಯೆಯಷ್ಟೇ ಬರುತ್ತದೆ.

ಈಗ ನಿಮ್ಮ ನಿಜವಾದ ಭಯ. ಬಕೆಟ್ ಮಾಡಿಕೊಂಡಿದ್ದವಳನ್ನು ಮುಂದೆ ವಿಮಾನದವರು ಒಳಗೆ ಬಿಡುತ್ತಾರಾ? ಬಿಡುತ್ತಾರೆ, ಆದರೆ ಹಾಗೇ ಸುಮ್ಮನೆ ಅಲ್ಲ. ಬರುವ ದಾರಿ ಹೆಚ್ಚಾಗಿ ಎಂಜಿನಿಯರಿಂಗ್ ಸರ್ವಿಸ್ ಕಂಪನಿಗಳ ಮೂಲಕ. ಅವರಿಗೆ ಇಂದು ವಿಮಾನದ ಸೀಟು, ನಾಳೆ ಟ್ರ್ಯಾಕ್ಟರಿನ ಬಾನೆಟ್, ಹೀಗೆ ಬೇರೆ ಬೇರೆ ಗಿರಾಕಿಗಳಿಗೆ ಜನ ಬೇಕು. ಎರಡು ಮೂರು ವರ್ಷ ಅನುಭವದವರನ್ನು ಅವರು ನೋಡುವುದು ಕೈಯಲ್ಲಿರುವ ಕೆಲಸದಿಂದ. ಇಂಟರ್‌ವ್ಯೂನಲ್ಲಿ ಒಂದು ಡ್ರಾಯಿಂಗ್ ಮುಂದಿಟ್ಟು 'ಈ ತೂತಿಗೆ ಇಷ್ಟು ಬಿಗಿ ಟಾಲರೆನ್ಸ್ ಯಾಕೆ, ಸಡಿಲ ಮಾಡಿದರೆ ಏನಾಗುತ್ತೆ' ಎಂದು ಕೇಳಿದಾಗ, ಪಿನ್ ಹೋಗದೆ ಫೋರ್‌ಮನ್ ಕರೆದ ದಿನ ನಿಮ್ಮ ಸಹಾಯಕ್ಕೆ ಬರುತ್ತದೆ. ಡ್ರಿಲ್ ಹೊಡೆದರೆ ಸಾಕಾದಲ್ಲಿ ಬೋರಿಂಗ್ ಕೇಳಿದರೆ ಬೆಲೆ ಎಷ್ಟು ಏರುತ್ತದೆ ಎಂದು ಬಲ್ಲವರು ಹೊಸಬರಲ್ಲಿ ಕಡಿಮೆ.

ಅಲ್ಲಿರುವಾಗ ನೀವೇ ಕೂಡಿಹಾಕಿಕೊಳ್ಳಬೇಕಾದ್ದು ಕೆಲವಿದೆ. ಡ್ರಾಯಿಂಗ್‌ನಲ್ಲಿ ಆಕಾರ, ಸ್ಥಾನ ಎಷ್ಟು ಆಚೀಚೆ ಆಗಬಹುದು ಎಂದು ಬರೆಯುವ ಭಾಷೆಯನ್ನು, ಅಂದರೆ ಎಎಸ್‌ಎಂಇ ವೈ14.5 ಮಾನದಂಡದ ಪ್ರಕಾರದ ಜಿಡಿ ಅಂಡ್ ಟಿಯನ್ನು, ಬಾಯಿಪಾಠವಾಗಿ ಕಲಿಯದೆ ನಿಮ್ಮದೇ ಡ್ರಾಯಿಂಗ್ ಮೇಲೆ ಹಾಕಿ ಕಲಿಯಿರಿ. ಲೋಹದ ದಣಿವಿನ ಪಾಠ, ಅಂದರೆ ಫಟೀಗ್, ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದನ್ನು ಮತ್ತೆ ತೆಗೆಯಿರಿ. ಬಕೆಟ್ಟಿನ ಬೆಸುಗೆಯ ಬಿರುಕು, ವಿಮಾನದ ರಿವೆಟ್ ತೂತಿನ ಬಿರುಕು ಎರಡಕ್ಕೂ ಒಂದೇ ಶಾಸ್ತ್ರ. ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಣ್ಣ ಕಂಪನಿಯಲ್ಲಿ ಸಾಲಿಡ್‌ವರ್ಕ್ಸ್ ಇದ್ದೀತು, ವಿಮಾನದವರು ಹೆಚ್ಚಾಗಿ ಕ್ಯಾಟಿಯಾ ಅಥವಾ ಎನ್‌ಎಕ್ಸ್ ಬಳಸುತ್ತಾರೆ. ಒಂದು ಚೆನ್ನಾಗಿ ಬಂದರೆ ಇನ್ನೊಂದು ಕೆಲವು ವಾರದ ಮಾತು.

ಕಷ್ಟ ಆಗುವುದು ಬೇರೆ ಕಡೆ, ಅಭ್ಯಾಸದಲ್ಲಿ. ಮಣ್ಣಿನ ಯಂತ್ರದವರಿಗೆ ಅನುಮಾನ ಬಂದರೆ ಒಂದು ಪ್ಯಾಚ್ ಪ್ಲೇಟ್ ಹಾಕಿ ಮುಂದೆ ಹೋಗುವ ರೂಢಿ. ನಾಲ್ಕು ಕಿಲೋ ಹೆಚ್ಚಾದರೆ ಯಾರೂ ಕೇಳುವುದಿಲ್ಲ. ವಿಮಾನದಲ್ಲಿ ಪ್ರತಿ ಗ್ರಾಂಗೂ ಲೆಕ್ಕ. ಪ್ರಯಾಣಿಕ ವಿಮಾನದ ರಚನೆಯನ್ನು ಸೇವೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ತಡೆಯುವಂತೆ ಮಾಡುತ್ತಾರೆ. ಅಷ್ಟು ಕಡಿಮೆ ಅಂಚಿನಲ್ಲಿ ಧೈರ್ಯವಾಗಿ ನಿಲ್ಲಬೇಕೆಂದರೆ ಭಾರ ಎಷ್ಟು, ಲೋಹದ ಬಲ ಎಷ್ಟು ಎಂದು ಚೆನ್ನಾಗಿ ಗೊತ್ತಿರಬೇಕು. ಬೇಲೂರಿನಲ್ಲಿ ಕೂತಿರುವಾಗಲೂ ಪ್ಲೇಟ್ ಸೇರಿಸುವ ಮುಂಚೆ 'ಇದು ನಿಜವಾಗಿ ಬೇಕಾ' ಎಂದು ಒಂದು ಹಾಳೆಯಲ್ಲಿ ಲೆಕ್ಕ ಹಾಕಿಡಿ. ಮಾಲೀಕರಿಗೆ ಉಕ್ಕು ಉಳಿಯುತ್ತದೆ, ನಿಮಗೆ ವಿಮಾನದವರ ಮುಂದೆ ಇಡಲು ಒಂದು ಕಡತವಾಗುತ್ತದೆ. ಆದರೆ ಕಂಪನಿಯ ಡ್ರಾಯಿಂಗ್ ಮಾತ್ರ ಹೊರಗೆ ಒಯ್ಯಬೇಡಿ, ಲೆಕ್ಕದ ವಿಧಾನ ನೆನಪಿಟ್ಟುಕೊಂಡರೆ ಸಾಕು.

ಅಷ್ಟರಲ್ಲಿ ವಿಮಾನದ ಬಾಗಿಲು ಮುಚ್ಚಿಬಿಡುತ್ತದೆ ಎಂಬ ಅವಸರವೂ ಬೇಡ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು, ಅದೇ ಜೂನಿನಲ್ಲಿ ಇಂಡಿಗೊ 500. ಇವನ್ನೆಲ್ಲ ಕಟ್ಟಿ ಮುಗಿಸಲು ವರ್ಷಗಳು ಬೇಕು. ಗುಬ್ಬಿ ಹತ್ತಿರ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ, ದೇವನಹಳ್ಳಿಯಲ್ಲಿ ಬೋಯಿಂಗ್‌ನ ದೊಡ್ಡ ಕ್ಯಾಂಪಸ್ 2024ರ ಜನವರಿಯಲ್ಲಿ. ಧಾರವಾಡದಲ್ಲಿದ್ದರೆ ವಿಮಾನದಿಂದ ದೂರ ಎನ್ನುವುದೂ ಪೂರ್ತಿ ನಿಜವಲ್ಲ. ಬೆಳಗಾವಿ ದಾಟಿ ಪುಣೆ ರಸ್ತೆಯಲ್ಲಿ ಹೋದರೆ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಫೋರ್ಜಿಂಗ್‌ನಿಂದ ಹಿಡಿದು ಮೇಲ್ಮೈ ಲೇಪನದವರೆಗೆ ವಿಮಾನದ ಭಾಗಗಳ ಕೆಲಸ ಒಂದೇ ಕಡೆ ನಡೆಯುತ್ತಿದೆ.

ಬಾಗಿಲು ಮುಚ್ಚುವುದೂ ಉಂಟು, ಅದು ಕ್ಷೇತ್ರವನ್ನೇ ನಂಬಿ ಕೂತವರಿಗೆ ತಟ್ಟುತ್ತದೆ. 2019ರ ಮಾರ್ಚ್‌ನಲ್ಲಿ ಬೋಯಿಂಗ್‌ನ 737 ಮ್ಯಾಕ್ಸ್ ವಿಮಾನಗಳು ಹಾರಾಟ ನಿಂತು ನೆಲಕ್ಕೆ ಕೂತವು. ಮರುವರ್ಷ ಕೋವಿಡ್ ಬಂದಾಗ ಏರ್‌ಬಸ್ ತಿಂಗಳಿಗೆ 60 ಇದ್ದ ಎ320 ಉತ್ಪಾದನೆಯನ್ನು 40ಕ್ಕೆ ಇಳಿಸಿತು. ಅಲ್ಲಿ ಸಂಖ್ಯೆ ಇಳಿದರೆ ಇಲ್ಲಿನ ಬಿಡಿಭಾಗದವರ ಆರ್ಡರ್ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಬೇರೆ ಕ್ಷೇತ್ರಕ್ಕೆ ಜಿಗಿಯಲು ಆಗುವುದು ಕೈಯಲ್ಲಿ ಎಲ್ಲ ಕಡೆ ಸಲ್ಲುವ ಕಸುಬು ಇದ್ದವರಿಗೆ. ವಿಮಾನದ ಫಾರ್ಮುಗಳಷ್ಟೇ ಗೊತ್ತಿರುವವರಿಗೆ ಪಂಪ್ ಕಂಪನಿಯಲ್ಲಿ ಅಷ್ಟು ಬೇಗ ಜಾಗ ಸಿಗುವುದಿಲ್ಲ.

ಸರ್ಕಾರದ ದಾರಿಯನ್ನು ನೀವು ಪ್ರಸ್ತಾಪಿಸಲಿಲ್ಲ, ನಾನು ನೆನಪಿಸುತ್ತೇನೆ. ಇಸ್ರೊದ ಸೈಂಟಿಸ್ಟ್/ಎಂಜಿನಿಯರ್ 'ಎಸ್‌ಸಿ' ಹುದ್ದೆಗೆ ಇತ್ತೀಚಿನ ಅಧಿಸೂಚನೆಗಳಲ್ಲಿ ಕೇಳಿರುವುದು ಬಿಇಯಲ್ಲಿ ಶೇ 65 ಅಂಕ ಅಥವಾ ಹತ್ತಕ್ಕೆ 6.84 ಸಿಜಿಪಿಎ, ಸಾಮಾನ್ಯ ವರ್ಗಕ್ಕೆ ವಯೋಮಿತಿ 28. ನಿಮ್ಮದು 7.9. ಅಲ್ಲಿ ನೀವು ಹಿಂದೆ ಯಾವ ಕಂಪನಿಯಲ್ಲಿದ್ದಿರಿ ಎಂಬುದಕ್ಕೆ ಅಂಕವಿಲ್ಲ, ಲಿಖಿತ ಪರೀಕ್ಷೆ ಅಥವಾ ಗೇಟ್ ಪರೀಕ್ಷೆ ದಾಟಬೇಕು, ಆಮೇಲೆ ಸಂದರ್ಶನ. ದೇವನಹಳ್ಳಿಯಲ್ಲಿ ವಿಮಾನದ ಭಾಗದ ಕಡತ ನೋಡಿದವರಿಗೂ ಧಾರವಾಡದಲ್ಲಿ ಬಕೆಟ್ ಮಾಡಿದವರಿಗೂ ಅರ್ಹತೆಯಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಎಲ್ಲಿದ್ದರೂ ಪರೀಕ್ಷೆಗೆ ಓದುತ್ತಿರಿ. ಓದಲು ಸಮಯ ಎಲ್ಲಿ ಸಿಗುತ್ತದೆ ಎಂಬುದು ಒಂದು ಲೆಕ್ಕವೇ. ದಿನಕ್ಕೆರಡು ಸಲ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂರುವುದಕ್ಕೂ ಧಾರವಾಡದಲ್ಲಿ ರೂಮಿನಿಂದ ಫ್ಯಾಕ್ಟರಿಗೆ ಬೇಗ ತಲುಪುವುದಕ್ಕೂ ಅಂತರವಿದೆ.

ವಿಮಾನದ ಆಸೆಯನ್ನು ನಾನು ಕಡಿಮೆ ಮಾಡಿ ನೋಡುತ್ತಿಲ್ಲ. ಆದರೆ ಏರ್ ಶೋದಲ್ಲಿ ತಲೆ ಎತ್ತಿ ನೋಡುವ ಖುಷಿ ಬೇರೆ, ದಿನಾ ಎಂಟು ಗಂಟೆ ಅದರ ಜೊತೆ ಏಗುವ ಖುಷಿ ಬೇರೆ. ಎರಡನೆಯದು ನಿಮ್ಮಲ್ಲಿ ಇದೆಯಾ ಎಂದು ಪುಕ್ಕಟೆಯಾಗಿ ಪರೀಕ್ಷಿಸಬಹುದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ 243ನೇ ಹಾರಾಟದ ಬೋಯಿಂಗ್ 737 ಆಕಾಶದಲ್ಲಿರುವಾಗಲೇ ಮುಂಭಾಗದ ಚಾವಣಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಸತ್ತರು, ಉಳಿದವರೊಂದಿಗೆ ವಿಮಾನ ಇಳಿಯಿತು. 89 ಸಾವಿರಕ್ಕೂ ಹೆಚ್ಚು ಸಲ ಹಾರಿಳಿದಿದ್ದ ವಿಮಾನ. ತಗಡುಗಳು ಒಂದರ ಮೇಲೊಂದು ಸೇರುವ ಜಾಗದಲ್ಲಿ ಅಂಟು ಬಿಟ್ಟು, ಉಪ್ಪುಗಾಳಿಗೆ ತುಕ್ಕು ಹತ್ತಿ, ಸಾಲಾಗಿದ್ದ ರಿವೆಟ್ ತೂತುಗಳಿಂದ ಸಣ್ಣ ಸಣ್ಣ ಬಿರುಕು ಹೊರಟು ಒಂದಕ್ಕೊಂದು ಸೇರಿಕೊಂಡಿದ್ದವು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ವರದಿ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಈ ವಾರ ಅದನ್ನು ಓದಿ. ಜಾಯಿಂಟ್‌ಗಳ ವಿವರ, ತಪಾಸಣೆಯ ಪುಟಗಳು ಬಂದಾಗ ಹಾರಿಸದೆ ನಿಂತು ಓದಿದರೆ ನಿಮ್ಮ ಆಸೆಗೆ ಬೇರಿದೆ, ಅದು ಎರಡು ಮೂರು ವರ್ಷ ಕಾಯುತ್ತದೆ.

ಬೇರೆ ಓದುಗರು ಇದನ್ನು ತಮಗೆ ಅನ್ವಯಿಸಿಕೊಳ್ಳುವಾಗ ಒಂದು ಎಚ್ಚರಿಕೆ. ಕೆಲವು ಕಡೆ ಕ್ಷೇತ್ರವೇ ಕಸುಬು. ಔಷಧ ಕಂಪನಿಯ ಪರವಾನಗಿ ವಿಭಾಗ, ವಿಮೆಯ ಅಂಡರ್‌ರೈಟಿಂಗ್, ವಿಮಾನದ್ದೇ ಹಾರಾಟ ನಿಯಂತ್ರಣ ಸಾಫ್ಟ್‌ವೇರ್, ಇಲ್ಲೆಲ್ಲ ನಿಯಮಗಳೇ ಅರ್ಧ ವಿದ್ಯೆ, ಅವನ್ನು ಹೊರಗಿದ್ದು ಕಲಿಯಲಾಗದು. ಅಂಥ ಕಡೆ ಸಣ್ಣ ಹುದ್ದೆಯಾದರೂ ಒಳಗೆ ಸೇರುವುದೇ ಜಾಣತನ. ಇನ್ನು ಅಕೌಂಟ್ಸ್, ಎಚ್‌ಆರ್, ಸಾಮಾನ್ಯ ಸಾಫ್ಟ್‌ವೇರ್‌ನವರಿಗೆ ಕೆಲಸ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ, ಅವರು ಧೈರ್ಯವಾಗಿ ಇಷ್ಟದ ಕ್ಷೇತ್ರ ಆರಿಸಿಕೊಳ್ಳಬಹುದು. ನಿಮ್ಮದು ನಡುವಿನದು, ಮತ್ತು ನಿಮಗೆ ಬಂದ ಆಫರ್‌ನಲ್ಲಿ ಕ್ಷೇತ್ರವಿದೆ, ಕಸುಬಿಲ್ಲ.

ಅಪ್ಪನಿಗೆ ಹೇಳುವಾಗ 'ಬಕೆಟ್' ಎಂಬ ಮಾತಿನಿಂದ ಶುರು ಮಾಡಬೇಡಿ, 'ಡಿಸೈನ್ ಎಂಜಿನಿಯರ್' ಎಂಬಲ್ಲಿಂದ ಶುರು ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಊರಲ್ಲಿ ನಾಲ್ಕು ಜನ ಕೇಳಿದಾಗ ಏನು ಹೇಳಬೇಕು ಎಂಬುದು ಅಪ್ಪಂದಿರಿಗೆ ನಿಜವಾದ ಕಷ್ಟ. ದುಡ್ಡಿನ ಲೆಕ್ಕವನ್ನೂ ಕಾಗದದ ಮೇಲೆ ಇಡಿ. 90 ಸಾವಿರದ ವ್ಯತ್ಯಾಸ ಅಂದರೆ ತಿಂಗಳಿಗೆ ಏಳೂವರೆ ಸಾವಿರ. ದೇವನಹಳ್ಳಿ ಸುತ್ತ ಪಿಜಿ, ಊಟ, ಊರಿಗೆ ಬಂದು ಹೋಗುವ ಖರ್ಚು ಸೇರಿಸಿದರೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂದು ಅವರೇ ಕೂಡಿಸಿ ನೋಡಲಿ. ಮನೆಯಲ್ಲಿ ಶಿಕ್ಷಣ ಸಾಲದ ಕಂತು ಇದ್ದು ಆ ಏಳೂವರೆ ಸಾವಿರ ನಿಜಕ್ಕೂ ಬೇಕಾಗಿದ್ದರೆ ಮಾತ್ರ ಲೆಕ್ಕ ಬೇರೆ. ನೀವು ಬರೆದಿಲ್ಲವಾದ್ದರಿಂದ ಇಲ್ಲ ಎಂದುಕೊಂಡಿದ್ದೇನೆ.

ಕೊನೆಗೆ ಬಾಂಡ್. ಮೇಲ್‌ಗೆ ಒಳ್ಳೆಯ ಉತ್ತರ ಬಂದು ನೀವು ದೇವನಹಳ್ಳಿಯನ್ನೇ ಆರಿಸಿಕೊಂಡರೆ ಅದನ್ನು ಸಾಲು ಸಾಲಾಗಿ ಓದಿ ಸಹಿ ಹಾಕಿ. 'ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲಲ್ಲ' ಎಂದು ಸೀನಿಯರ್‌ಗಳು ಹೇಳುವುದನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಮೊತ್ತ ಎಷ್ಟು, ತರಬೇತಿಗೆ ನಿಜವಾಗಿ ಏನು ಕೊಡುತ್ತಾರೆ, ಕೆಲಸದ ವಿಭಾಗದ ಹೆಸರು ಅದರಲ್ಲಿದೆಯಾ ನೋಡಿ. ಮೂಲ ಅಂಕಪಟ್ಟಿ ಠೇವಣಿ ಇಡಿ ಎಂದರೆ ಒಪ್ಪಬೇಡಿ, ತೋರಿಸಿ ವಾಪಸ್ ತನ್ನಿ, ದೃಢೀಕರಿಸಿದ ನಕಲು ಕೊಡಿ. ಬೇಡ ಎನ್ನುವ ಕಂಪನಿಗೂ ಗಡುವಿಗೆ ಮುಂಚೆಯೇ ಎರಡು ಸಾಲು ಬರೆದು, ಧನ್ಯವಾದ ಹೇಳಿ, ಡಿಸೈನ್ ಕೆಲಸ ಸಿಕ್ಕಿದ್ದರಿಂದ ಬರಲಾಗುತ್ತಿಲ್ಲ ಎಂದು ತಿಳಿಸಿಬಿಡಿ. ದೇವನಹಳ್ಳಿಯ ಎಚ್‌ಆರ್‌ಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತಾರೆ. ಮೂರು ವರ್ಷ ಬಿಟ್ಟು ನಿಮ್ಮ ಅರ್ಜಿ ಅವರಲ್ಲೊಬ್ಬರ ಮೇಜಿಗೇ ಬಂದೀತು.